ಸಿಂಫನಿಯನ್ನು ಹತ್ತು ಬೆರಳಿಗೆ ಇಳಿಸಲು ಹೋದ ಹನ್ನೊಂದು ವಾರ

ಮೊನ್ನೆ ರಾತ್ರಿ ಮೊದಲ ಸಲ, ಪಿಯಾನೋಗೆ ಇಳಿಸಿದ ನೂರು ಬಾರ್ (ಸ್ವರಲಿಪಿಯಲ್ಲಿ ಗೆರೆ ಎಳೆದು ಬೇರ್ಪಡಿಸಿದ ತಾಳದ ಮನೆಗಳು) ಎಲ್ಲೂ ನಿಲ್ಲದೆ ನುಡಿಸಿದೆ. ಬೀಥೋವೆನ್‌ನ ಏಳನೇ ಸಿಂಫನಿಯ (ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿ) ಎರಡನೇ ಭಾಗ, ಅಲೆಗ್ರೆಟ್ಟೊ. ಆ ಭಾಗದಲ್ಲಿ ಒಟ್ಟು 278 ಬಾರ್ ಇವೆ. ಅಂದರೆ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕೈಗೆ ಬಂದಿದೆ, ಅದರಾಚೆಗೆ ಸಿಕ್ಕಿಹಾಕಿಕೊಂಡು ಕೂತಿದ್ದೇನೆ. ಈ ಹನ್ನೊಂದು ವಾರದಲ್ಲಿ ಮೊದಲ ನಾಲ್ಕು ವಾರ ನುಡಿಸಿದ್ದಕ್ಕಿಂತ ಸ್ವರಲಿಪಿಯ ಹಾಳೆ ಹುಡುಕಿದ್ದೇ ಜಾಸ್ತಿ. ಅದರಲ್ಲಿ ಮೂರು ವಾರವನ್ನಾದರೂ ಉಳಿಸಬಹುದಿತ್ತು. ಯಾವ್ಯಾವುದು ದಂಡವಾಯಿತು ಅನ್ನುವುದೇ ಈ ಲೆಕ್ಕ.

ನನ್ನ ಮಟ್ಟ: ಆರು ವರ್ಷದಿಂದ ನುಡಿಸುತ್ತಿದ್ದೇನೆ, ಹೆಚ್ಚಿನಂಶ ನಾನೇ ಕಲಿತದ್ದು. ಕೈ ಪೂರ್ತಿ ಚಾಚಿದರೆ ಒಂಬತ್ತು ಬಿಳಿ ಕೀ ಸಿಗುತ್ತವೆ, ಹತ್ತನೆಯದಕ್ಕೆ ಬೆರಳು ತಲುಪುವುದಿಲ್ಲ. ಈ ಅಂಕಿ ಮುಂದೆ ಕೆಲಸಕ್ಕೆ ಬರುತ್ತದೆ.

ಸಾಮಾನು: 61 ಕೀಗಳ ಕೀಬೋರ್ಡ್ (ಆರನೇ ವಾರದ ತನಕ), ಮೆಟ್ರೋನೋಮ್ (ಟಕಟಕ ಎಂದು ತಾಳ ಎಣಿಸುವ ಯಂತ್ರ), ಮನೆಯ ಪ್ರಿಂಟರ್, ಕೆಂಪು ಮತ್ತು ನೀಲಿ ಬಣ್ಣದ ಪೆನ್ಸಿಲ್, ಒಂದು ಮಾಮೂಲಿ ಪೆನ್ಸಿಲ್, ರಬ್ಬರು, ಅಂಟುಪಟ್ಟಿ, ಕೊನೆಯಲ್ಲಿ ಮ್ಯೂಸ್‌ಸ್ಕೋರ್ ಎಂಬ, ಸ್ವರಲಿಪಿ ಬರೆಯುವ ಉಚಿತ ತಂತ್ರಾಂಶ. ಹಾಳೆ ಸುಮಾರು ಎಪ್ಪತ್ತು ಹಾಳು ಮಾಡಿದೆ, ಉಳಿದದ್ದು ಐದು.

ವಾರ 1: "ಸುಲಭ ಪಿಯಾನೋ" ಎಂದು ಹುಡುಕಿದ ತಪ್ಪು

ಈ ತುಣುಕನ್ನೇ ಆರಿಸಿದ್ದಕ್ಕೆ ಕಾರಣ ಸೋಮಾರಿತನ. ಕೇಳುವಾಗ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ ಅನ್ನಿಸುತ್ತದೆ. ಒಂದು ಉದ್ದ, ಎರಡು ಗಿಡ್ಡ, ಎರಡು ಉದ್ದ; ಶುರುವಿನಲ್ಲಿ ಅದೂ ಒಂದೇ ಸ್ವರದ ಮೇಲೆ. ಇಷ್ಟಕ್ಕೆ ಎಷ್ಟು ಹೊತ್ತು ಬೇಕು ಎಂದುಕೊಂಡು ತುಣುಕಿನ ಹೆಸರಿನ ಜೊತೆ "ಸುಲಭ ಪಿಯಾನೋ" ಸೇರಿಸಿ ಹುಡುಕಿದೆ. ಒಂದೂವರೆ ಪುಟದ್ದೊಂದು ಸಿಕ್ಕಿತು. ಎರಡು ಸಂಜೆಯಲ್ಲಿ ಕೈಗೆ ಬಂತು. ಮೂರನೇ ಸಂಜೆ ರೆಕಾರ್ಡಿಂಗ್ ಹಾಕಿಕೊಂಡು ಜೊತೆಗೆ ನುಡಿಸಲು ಹೋದರೆ ಮುಜುಗರ. ಅಲ್ಲಿ ಕೇಳಿಸುವ ಅರ್ಧ ಸಂಗೀತ ನನ್ನ ಹಾಳೆಯಲ್ಲಿ ಇಲ್ಲವೇ ಇಲ್ಲ.

ಇಲ್ಲದಿದ್ದದ್ದು ಎರಡನೇ ರಾಗ. ಮೊದಲು ವಯಲಿನ್‌ಗಿಂತ ತಗ್ಗು ದನಿಯ ತಂತಿವಾದ್ಯಗಳಾದ ವಯೋಲ, ಚೆಲ್ಲೊ, ಬಾಸ್‌ಗಳು ಆ ಉದ್ದ-ಗಿಡ್ಡದ ಲಯದಲ್ಲಿ ಮೊದಲ ರಾಗವನ್ನು ನುಡಿಸುತ್ತವೆ. ಎರಡನೇ ಸುತ್ತಿನಲ್ಲಿ ಅದನ್ನು ಎರಡನೇ ವಯಲಿನ್‌ಗಳಿಗೆ ಕೊಟ್ಟು, ವಯೋಲ ಮತ್ತು ಚೆಲ್ಲೊ ಬೇರೆಯೇ ಒಂದು ನೀಳ ರಾಗ ಹಿಡಿಯುತ್ತವೆ. ಮೂರನೇ ಸುತ್ತಿಗೆ ಮೊದಲ ರಾಗ ಒಂದನೇ ವಯಲಿನ್‌ಗೆ, ನೀಳ ರಾಗ ಎರಡನೇ ವಯಲಿನ್‌ಗೆ. ಸುತ್ತಿನಿಂದ ಸುತ್ತಿಗೆ ಮೇಲೇರುತ್ತಾ ಹೋಗುವುದೇ ಈ ತುಣುಕಿನ ಜೀವ. ಸುಲಭ ಮಾಡಿದವರು ನೀಳ ರಾಗವನ್ನೇ ಕಿತ್ತು ಹಾಕಿ ಮೊದಲ ಸುತ್ತನ್ನೇ ಮೂರು ಸಲ ಬರೆದಿದ್ದರು. ಇನ್ನೊಂದು ಆಮೇಲೆ ಗೊತ್ತಾದದ್ದು: ಶುರುವಿನಲ್ಲಿ ಊದುವ ವಾದ್ಯಗಳು ಹಿಡಿಯುವ ಎ ಮೈನರ್ ಕಾರ್ಡಿನ (ಎ, ಸಿ, ಇ ಸ್ವರಗಳು ಒಟ್ಟಿಗೆ) ತಳದಲ್ಲಿ ಬೀಥೋವೆನ್ ಇಟ್ಟದ್ದು ಇ. ಇವರು ಎ ಇಟ್ಟು ಗಟ್ಟಿ ನೆಲ ಮಾಡಿಬಿಟ್ಟಿದ್ದರು. ಆ ಕಾರ್ಡ್ ತೂಗಾಡಬೇಕು, ಕಾಲೂರಿ ನಿಲ್ಲಬಾರದು.

ಎರಡು ಸಂಜೆ ದಂಡ. ಕೈಗೆ ಹತ್ತಿದ್ದನ್ನು ಮರೆಯಲು ಆಮೇಲೆ ಇನ್ನೂ ನಾಲ್ಕು ಸಂಜೆ ಬೇಕಾಯಿತು.

ವಾರ 1, ಶನಿವಾರ: ಮಿಡಿ ಕಡತ

ಯಾರೋ ಮಾಡಿಟ್ಟ ಮಿಡಿ ಕಡತ ಇಳಿಸಿಕೊಂಡು ತಂತ್ರಾಂಶಕ್ಕೆ ಕೊಟ್ಟರೆ ಅದೇ ಹಾಳೆ ಬರೆದುಕೊಡುತ್ತದೆ ಎಂದು ನಂಬಿದ್ದೆ. ಬರೆದುಕೊಟ್ಟಿತು. ಹನ್ನೆರಡು ಸಾಲು, ಪ್ರತಿ ಸ್ವರದ ಹಿಂದೆ ಮೂವತ್ತೆರಡನೇ ಒಂದು ಪಾಲಿನ ವಿರಾಮ, ಒಂದೇ ಉದ್ದ ಸ್ವರವನ್ನು ನಾಲ್ಕು ತುಂಡು ಮಾಡಿ ಕಟ್ಟಿದ ಗಂಟು. ಮಿಡಿಯಲ್ಲಿ ಇರುವುದು ಯಾವ ಕೀ ಎಷ್ಟು ಹೊತ್ತಿಗೆ ಕೆಳಗೆ ಹೋಯಿತು, ಎಷ್ಟು ಹೊತ್ತಿಗೆ ಮೇಲೆ ಬಂತು ಅನ್ನುವ ಲೆಕ್ಕ ಅಷ್ಟೆ. ಯಾವುದು ರಾಗ, ಯಾವುದು ಜೊತೆ, ಯಾವ ಕೈಗೆ ಯಾವುದು ಅನ್ನುವುದು ಅದಕ್ಕೆ ಗೊತ್ತಿಲ್ಲ. ಎಲ್ಲವನ್ನೂ ಎರಡು ಸಾಲಿಗೆ ಒತ್ತಿದಾಗ ಎಡಗೈಗೆ ಏಳು ಬೆರಳು ಬೇಕಾದವು. ಐದು ಗಂಟೆ ತಿದ್ದಿ ಇಪ್ಪತ್ತು ಬಾರ್ ದಾಟಲಿಲ್ಲ. ಅಳಿಸಿದೆ.

ವಾರ 2: ನಾಲ್ಕು ಕೈಯ ಹಾಳೆಯನ್ನು ಎರಡು ಕೈಯಲ್ಲಿ

ಇದನ್ನು ಬರೆಯಲು ಈಗಲೂ ನಾಚಿಕೆ.

ಹಕ್ಕುಸ್ವಾಮ್ಯ ಮುಗಿದ ಸ್ಕೋರ್‌ಗಳನ್ನು ಇಡುವ ಐಎಂಎಸ್‌ಎಲ್‌ಪಿ ಎಂಬ ಜಾಲತಾಣ 2006ರಿಂದ ಇದೆ. ಅಲ್ಲಿ ಹೋದೆ, ಏಳನೇ ಸಿಂಫನಿಯ ಪುಟ ತೆಗೆದೆ. ಕಣ್ಣಿಗೆ ಬಿದ್ದದ್ದೆಲ್ಲ ಎಲ್ಲ ವಾದ್ಯಗಳ ಸಾಲೂ ಒಟ್ಟಿಗಿರುವ ಪೂರ್ತಿ ಆರ್ಕೆಸ್ಟ್ರಾ ಸ್ಕೋರ್. ಪಿಯಾನೋದ್ದು ಇಲ್ಲ ಎಂದು ಎರಡು ಸಲ ವಾಪಸು ಬಂದೆ. ಮೂರನೇ ಸಲ ನೋಡಿದರೆ ಅದೇ ಪುಟದಲ್ಲಿ ಸ್ಕೋರ್, ಬಿಡಿ ವಾದ್ಯಗಳ ಹಾಳೆ, ಅಳವಡಿಕೆಗಳು (ಬೇರೆ ವಾದ್ಯಕ್ಕೆ ಇಳಿಸಿದವು) ಎಂದು ಬೇರೆ ಬೇರೆ ಟ್ಯಾಬ್. ಮೂರನೆಯದನ್ನು ಒತ್ತಿದರೆ ಪಿಯಾನೋದವು ಸಾಲುಗಟ್ಟಿ ನಿಂತಿವೆ. ರೆಕಾರ್ಡಿಂಗ್ ಇಲ್ಲದ ಕಾಲದಲ್ಲಿ ಮನೆಯಲ್ಲಿ ಸಿಂಫನಿ ಕೇಳಬೇಕೆಂದರೆ ಪಿಯಾನೋ ಮುಂದೆ ಕೂತು ತಾವೇ ನುಡಿಸಬೇಕಿತ್ತಲ್ಲ, ಅದಕ್ಕೇ ಹತ್ತೊಂಬತ್ತನೇ ಶತಮಾನದವರು ಇಂಥವನ್ನು ರಾಶಿ ರಾಶಿ ಮಾಡಿಟ್ಟಿದ್ದಾರೆ. ಆ ಕಾಲದ ಹೆಸರಾಂತ ಪಿಯಾನೋ ವಾದಕ ಲಿಸ್ಟ್‌ದು ಇದೆ, ಅರ್ನ್ಸ್ಟ್ ಪಾವರ್‌ದು ಇದೆ, ಒಟ್ಟೊ ಸಿಂಗರ್‌ದು ಇದೆ.

ಹೆಸರು ನೋಡದೆ, ಸ್ಕ್ಯಾನ್ ಯಾವುದು ಶುಭ್ರವಾಗಿದೆ ಎಂದು ನೋಡಿ ಒಂದನ್ನು ಇಳಿಸಿಕೊಂಡೆ. ಮುದ್ರಿಸಿ ಒಂದರ ಹಿಂದೆ ಒಂದು ಜೋಡಿಸಿದೆ. ಮೊದಲ ಪುಟ ಪೂರ್ತಿ ಕೆಳಗಿನ ಸ್ವರಗಳೇ, ಎರಡೂ ಸಾಲಿಗೆ ಬಾಸ್ ಕ್ಲೆಫ್ (ಯಾವ ಗೆರೆ ಯಾವ ಸ್ವರ ಎಂದು ಹೇಳುವ ಸಾಲಿನ ಮೊದಲ ಗುರುತು, ಇದು ಕೆಳಗಿನ ಸ್ವರಗಳದು). ಸರಿ, ಶುರುವಿನಲ್ಲಿ ಬಾಸ್ ವಾದ್ಯಗಳೇ ತಾನೆ. ಎರಡನೇ ಪುಟ ಏಕಾಏಕಿ ಮೇಲೆ ಹಾರಿತು. ಮೂರನೇ ಪುಟ ಮತ್ತೆ ಕೆಳಗೆ. ಮೂರು ದಿನ ಹೀಗೇ ನುಡಿಸಿ, ಎರಡನೇ ಪುಟ ಯಾಕೆ ಇಷ್ಟು ಖಾಲಿ ಖಾಲಿ ಎಂದು ತಲೆ ಕೆರೆದುಕೊಂಡೆ. ನಾಲ್ಕನೇ ದಿನ ಎರಡು ಎದುರು ಪುಟಗಳ ಬಾರ್ ಎಣಿಸಿದೆ. ಎರಡರಲ್ಲೂ ಒಂದೇ ಎಣಿಕೆ. ಅದು ಇಬ್ಬರು ಒಂದೇ ಪಿಯಾನೋ ಮುಂದೆ ಕೂತು ನುಡಿಸುವ ನಾಲ್ಕು ಕೈಯ ಅಳವಡಿಕೆ. ಎಡ ಪುಟ ಕೆಳಗೆ ಕೂತವರಿಗೆ, ಬಲ ಪುಟ ಮೇಲೆ ಕೂತವರಿಗೆ. ಎಡ ಪುಟದ ತಲೆಯ ಮೇಲೆ "ಸೆಕೊಂಡೊ" (ಎರಡನೆಯವರು), ಬಲ ಪುಟದ ತಲೆಯ ಮೇಲೆ "ಪ್ರಿಮೊ" (ಮೊದಲನೆಯವರು) ಎಂದು ದಪ್ಪಕ್ಷರದಲ್ಲಿ ಇತ್ತು. ಸಂಗೀತಗಾರನ ಹೆಸರಿರಬೇಕು ಎಂದುಕೊಂಡಿದ್ದೆ.

ಇಪ್ಪತ್ತೆರಡು ಹಾಳೆ ರದ್ದಿಗೆ.

ವಾರ 3: ಲಿಸ್ಟ್

ಒಂಬತ್ತೂ ಸಿಂಫನಿಗಳನ್ನು ಲಿಸ್ಟ್ ಒಬ್ಬರೇ ನುಡಿಸುವ ಪಿಯಾನೋಗೆ ಇಳಿಸಿದ್ದಾರೆ, ಅವರ ಕೃತಿಗಳ ಪಟ್ಟಿಯ ಎಸ್ 464 ಎಂಬ ಸಂಖ್ಯೆಯಲ್ಲಿ ಸಿಗುತ್ತವೆ. ಎಲ್ಲ ಒಟ್ಟಿಗೆ ಅಚ್ಚಾದದ್ದು 1865ರಲ್ಲಿ. ಬೀಥೋವೆನ್ ತೀರಿಹೋದದ್ದು 1827, ಲಿಸ್ಟ್ 1886. ಹಾಗಾಗಿ ಹಕ್ಕಿನ ತಲೆಬಿಸಿ ಇಲ್ಲ. ಈ ಎರಡನೇ ಹೆಸರೂ ನೋಡಬೇಕು: ಮೂಲ ಎಷ್ಟೇ ಹಳೆಯದಾದರೂ ಅದನ್ನು ಪಿಯಾನೋಗೆ ಇಳಿಸಿದವರು ಇತ್ತೀಚಿನವರಾಗಿದ್ದರೆ ಆ ಅಳವಡಿಕೆಯ ಹಕ್ಕು ಅವರದೇ.

ಮೊದಲ ಪುಟ ನೋಡಿ ಖುಷಿಯಾದೆ. ಇಷ್ಟೇನಾ? ಸ್ವರಗಳ ಮೇಲೆ ಇದು ಯಾವ ವಾದ್ಯದ್ದು ಎಂದು ಕೂಡ ಅಲ್ಲಲ್ಲಿ ಬರೆದಿಟ್ಟಿದ್ದಾರೆ, ಅದೊಂದು ದೊಡ್ಡ ಉಪಕಾರ. ಎರಡನೇ ಸುತ್ತಿಗೆ ಬಂದಾಗ ನಗು ಮಾಯ. ನಾಲ್ಕನೇ ಸುತ್ತಿನಲ್ಲಿ ಇಡೀ ಆರ್ಕೆಸ್ಟ್ರಾ ಜೋರಾಗಿ ಏಳುವ ಕಡೆ ಪುಟವೇ ಕಪ್ಪಾಗಿತ್ತು. ಚಾಚಿದ ಕೈಗೆ ಸಿಗದ ಕಾರ್ಡ್‌ಗಳನ್ನು ಲೆಕ್ಕ ಹಾಕಿದೆ: ಮೊದಲ ನೂರು ಬಾರ್‌ನಲ್ಲಿ ಹತ್ತೊಂಬತ್ತು.

ಇನ್ನೊಂದು ಪೆಟ್ಟು ಕೀಬೋರ್ಡಿನಿಂದ. 61 ಕೀಯದ್ದರಲ್ಲಿ ತೀರಾ ಎಡಗಡೆ ಇರುವುದು ನಡು ಸಿಯಿಂದ (ಪಿಯಾನೋದ ನಡುವಿನ ಸಿ ಸ್ವರ) ಎರಡು ಆಕ್ಟೇವ್ (ಸ್ಥಾಯಿ) ಕೆಳಗಿನ ಸಿ. ಅದರಿಂದಲೂ ಕೆಳಗಿನ ಎ ಬೇಕಾದಾಗ ಕಿರುಬೆರಳು ಪ್ಲಾಸ್ಟಿಕ್ ಅಂಚಿಗೆ ಬಡಿಯಿತು. ಆಕ್ಟೇವ್ ಬದಲಿಸುವ ಗುಂಡಿ ಒತ್ತಿ ಎಲ್ಲವನ್ನೂ ಒಂದು ಆಕ್ಟೇವ್ ಕೆಳಗಿಳಿಸಿದೆ. ಎಡಗೈ ಬದುಕಿತು, ಮೂರನೇ ಸುತ್ತಿನಲ್ಲಿ ರಾಗ ಮೇಲೇರಿದಾಗ ಬಲಗೈ ಬಲ ಅಂಚಿನ ಹತ್ತಿರ ಒದ್ದಾಡಿತು. ಕೆಳಗಿನ ಸ್ವರಗಳನ್ನೆಲ್ಲ ಒಂದು ಆಕ್ಟೇವ್ ಎತ್ತಿ ನುಡಿಸುತ್ತಾ ಆರನೇ ವಾರದ ತನಕ ಕಾಲ ತಳ್ಳಿ, ಆಮೇಲೆ 88 ಕೀಯದ್ದೊಂದನ್ನು ಗೆಳೆಯನಿಂದ ಎರವಲು ತಂದೆ. ಮೊದಲೇ ತರಬೇಕಿತ್ತು. ಎತ್ತಿ ನುಡಿಸಿ ಅಭ್ಯಾಸವಾದ ಎಡಗೈ ಈಗಲೂ ಒಮ್ಮೊಮ್ಮೆ ತಪ್ಪು ಜಾಗಕ್ಕೆ ಹೋಗುತ್ತದೆ.

ವಾರ 4: ಪೂರ್ತಿ ಸ್ಕೋರ್ ತೆರೆದದ್ದು

ಈ ಕೆಲಸವನ್ನು ಮೊದಲ ದಿನವೇ ಮಾಡಬೇಕಿತ್ತು. ಪೂರ್ತಿ ಸ್ಕೋರ್ ಎಂದರೆ ಕಂಡಕ್ಟರ್‌ಗಳಿಗೆ ಮಾತ್ರ ಎಂದು ಹೆದರಿ ದೂರ ಇಟ್ಟಿದ್ದೆ. ಲಿಸ್ಟ್ ಬರೆದದ್ದರಲ್ಲಿ ಏನು ಬಿಟ್ಟರೆ ನಷ್ಟವಿಲ್ಲ ಎಂದು ತಿಳಿಯಲು ಬೇರೆ ದಾರಿ ಇರಲಿಲ್ಲ. ಲಿಸ್ಟ್ ಹಾಳೆಯಲ್ಲಿ ಎಲ್ಲ ಸ್ವರವೂ ಒಂದೇ ಕಪ್ಪು. ಸ್ಕೋರ್‌ನಲ್ಲಿ ಯಾರು ಹಾಡುತ್ತಿದ್ದಾರೆ, ಯಾರು ಬರೀ ದನಿಗೂಡಿಸುತ್ತಿದ್ದಾರೆ ಎಂದು ಸಾಲು ಸಾಲಾಗಿ ಕಾಣುತ್ತದೆ.

ಮೇಲಿಂದ ಕೆಳಗೆ: ಕೊಳಲು, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್, ಟಿಂಪನಿ, ಅದರ ಕೆಳಗೆ ತಂತಿ ವಾದ್ಯಗಳು. ಎಲ್ಲದರಿಂದ ಸ್ವರ ಹೆಕ್ಕಿ ಮೊದಲ ಕಾರ್ಡ್ ಒತ್ತಿದೆ. ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ಓಬೋ, ಬಸೂನ್ ಎ ಮೈನರ್ ಹೇಳಿದರೆ ಕ್ಲಾರಿನೆಟ್ ಸಿ ಮೈನರ್ ಹೇಳುತ್ತಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಸ್ಕ್ಯಾನ್ ತಪ್ಪಿರಬೇಕು ಎಂದು ಬೇರೆ ಆವೃತ್ತಿ ಇಳಿಸಿದೆ, ಅದರಲ್ಲೂ ಹಾಗೇ. ಎರಡು ಆವೃತ್ತಿಯವರೂ ಒಂದೇ ತಪ್ಪು ಮಾಡಿದ್ದಾರೆ ಎಂದು ನಿರ್ಧರಿಸುವಷ್ಟು ಧೈರ್ಯ ನನಗಿತ್ತು.

ವಯಲಿನ್ ನುಡಿಸುವ ಗೆಳತಿಗೆ ಫೋಟೋ ಕಳಿಸಿದೆ. "ಕ್ಲಾರಿನೆಟ್ ಸಾಲಿನ ಮುಂದೆ ಮಾತ್ರ ಮೂರು ಫ್ಲ್ಯಾಟ್ ಇದೆ, ಕಣ್ಣಿಗೆ ಬೀಳಲಿಲ್ವಾ?" ಎಂದು ಕೇಳಿದಳು. ಬಿದ್ದಿತ್ತು. ಫ್ಲ್ಯಾಟ್ ಎಂದರೆ ಸ್ವರವನ್ನು ಅರ್ಧ ಹೆಜ್ಜೆ ಇಳಿಸುವ ಗುರುತು, ನಾನು ಅಲಂಕಾರ ಅಂದುಕೊಂಡಿದ್ದೆ. ಇಲ್ಲಿರುವುದು ಎ ಕ್ಲಾರಿನೆಟ್. ಅದು ಸಿ ಎಂದು ಬರೆದದ್ದನ್ನು ಊದಿದರೆ ಹೊರಗೆ ಬರುವುದು ಎ. ಹಾಗಾಗಿ ಬರೆದ ಸಿ, ಇ ಫ್ಲ್ಯಾಟ್, ಜಿ ಕೇಳಿಸುವಾಗ ಎ, ಸಿ, ಇ. ಹಾರ್ನ್ ಇ ಶ್ರುತಿಯದು: ಬರೆದದ್ದು ಸಿ, ಕೇಳಿಸುವುದು ಅದರ ಕೆಳಗಿನ ಇ. ಟ್ರಂಪೆಟ್ ಡಿ ಶ್ರುತಿಯದು: ಬರೆದ ಸಿ ಕೇಳುವುದು ಡಿ. ಡಬಲ್ ಬಾಸ್ ಬರೆದದ್ದಕ್ಕಿಂತ ಒಂದು ಆಕ್ಟೇವ್ ಕೆಳಗೆ. ವಯೋಲಕ್ಕೆ ಆಲ್ಟೊ ಕ್ಲೆಫ್, ನಡುಗೆರೆಯೇ ನಡು ಸಿ. ನಾನು ಅದನ್ನು ವಯಲಿನ್ ಹಾಗೆ ಓದಿ ಅಲ್ಲಿ ಬಿ ಒತ್ತುತ್ತಿದ್ದೆ, ಅದೂ ಸುಮಾರು ಒಂದು ಆಕ್ಟೇವ್ ಮೇಲಿನದು.

ಈ ಐದನ್ನೂ ಒಂದು ಚೀಟಿಯಲ್ಲಿ ಬರೆದು ಕೀಬೋರ್ಡಿಗೆ ಅಂಟಿಸಿದೆ. ಚೀಟಿ ಇನ್ನೂ ಅಲ್ಲೇ ಇದೆ.

ವಾರ 5: ಮುದ್ರಣ

ಹಳೆಯ ಸ್ಕ್ಯಾನ್ ಬೂದುಬಣ್ಣದ್ದು. ಶಾಯಿ ಉಳಿಯಲಿ ಎಂದು ಕಾಂಟ್ರಾಸ್ಟ್ ಏರಿಸಿ ಬರೀ ಕಪ್ಪು-ಬಿಳುಪು ಮಾಡಿದೆ. ಪುಟ ಬೆಳ್ಳಗೆ ಹೊಳೆಯಿತು, ಜೊತೆಗೆ ಸ್ವರದ ಮೇಲಿನ ಸ್ಟಕಾಟೊ ಚುಕ್ಕಿಗಳೂ (ಚುಟುಕಾಗಿ ನುಡಿಸು ಎನ್ನುವ ಗುರುತು) ತೆಳುವಾದ ಕಟ್ಟುಗೆರೆಗಳೂ ಅಳಿಸಿಹೋದವು. ಈ ರಾಗದ ಎರಡು ಗಿಡ್ಡ ಸ್ವರಗಳ ಮೇಲೆ ಚುಕ್ಕಿ ಇಲ್ಲದಿದ್ದರೆ ಅದು ಎಳೆದಾಡಿದ ಹಾಗೆ ಕೇಳುತ್ತದೆ. ಒಂದು ವಾರ ಎಳೆದಾಡಿಯೇ ನುಡಿಸಿದೆ.

ಇದರ ಉಲ್ಟಾ ತಪ್ಪೂ ಆಯಿತು. ಮೂಲ ಪುಟದಲ್ಲಿದ್ದ ಒಂದು ಕಸದ ಚೂರು ಕಾಂಟ್ರಾಸ್ಟ್‌ನಿಂದ ಕಪ್ಪಗಾಗಿ ಒಂದು ಸ್ವರದ ಬಲಪಕ್ಕದಲ್ಲಿ ಚುಕ್ಕಿಯಾಗಿ ಕೂತಿತ್ತು. ಪಕ್ಕದ ಚುಕ್ಕಿ ಎಂದರೆ ಸ್ವರ ಒಂದೂವರೆಯಷ್ಟು ಉದ್ದ. ಆ ಬಾರ್ ಪ್ರತಿ ಸಲವೂ ಅರ್ಧ ಬೀಟ್ ಹೆಚ್ಚಾಗುತ್ತಿತ್ತು. ಬೀಥೋವೆನ್ ಇಲ್ಲಿ ಬೇಕಂತಲೇ ಎಡವಿಸಿದ್ದಾನೆ, ಎಂಥ ಜಾಣ್ಮೆ ಎಂದು ಮೆಚ್ಚಿಕೊಂಡು ಐದು ದಿನ ಆ ಕಸವನ್ನು ನುಡಿಸಿದೆ.

ಈಗ ಮಾಡುವುದು: ಬೂದುಬಣ್ಣದಲ್ಲೇ ಮುದ್ರಿಸುತ್ತೇನೆ, ಅನುಮಾನದ ಜಾಗವನ್ನು ಮೂಲ ಪಿಡಿಎಫ್‌ನಲ್ಲಿ ನಾಲ್ಕು ಪಟ್ಟು ಹಿಗ್ಗಿಸಿ ನೋಡುತ್ತೇನೆ, ಪ್ರತಿ ಬಾರ್‌ನ ಬೀಟ್ ಎಣಿಸುತ್ತೇನೆ. ಅಂಟಿಸುವಾಗ ಅಂಟುಪಟ್ಟಿಯನ್ನು ಹಾಳೆಯ ಹಿಂಬದಿಗೆ ಹಾಕಬೇಕು. ಮುಂದೆ ಹಾಕಿದರೆ ದೀಪದ ಬೆಳಕು ಅದರ ಮೇಲೆ ಬಿದ್ದು ಸರಿಯಾಗಿ ಎರಡು ಬಾರ್ ಕುರುಡಾಗುತ್ತದೆ.

ವಾರ 6ರಿಂದ 9: ಕತ್ತರಿಸಿದ್ದು, ಉಳಿಸಿಕೊಂಡದ್ದು

ನಿಜವಾದ ಕೆಲಸ ಇದು. ಲಿಸ್ಟ್ ಹಾಳೆಯನ್ನು ಅಡಿಪಾಯ ಮಾಡಿಕೊಂಡು, ಪಕ್ಕದಲ್ಲಿ ಪೂರ್ತಿ ಸ್ಕೋರ್ ಇಟ್ಟು, ಬಾರ್ ಬಾರ್ ಆಗಿ ಹೋದೆ. ಸ್ಕೋರ್‌ನಲ್ಲಿ ಮೊದಲ ರಾಗಕ್ಕೆ ಕೆಂಪು, ನೀಳ ರಾಗಕ್ಕೆ ನೀಲಿ, ತಳದ ಸಾಲಿಗೆ ಮಾಮೂಲಿ ಪೆನ್ಸಿಲ್. ಬಣ್ಣ ಹತ್ತದೆ ಉಳಿದದ್ದೆಲ್ಲ ಕತ್ತರಿಗೆ ಅರ್ಹ. ಎರಡು ಕೊಳಲು, ಎರಡು ಓಬೋ, ಒಂದನೇ ವಯಲಿನ್ ಎಲ್ಲ ಸೇರಿ ಒಂದೇ ಸ್ವರ ಹಿಡಿದರೆ ಆರ್ಕೆಸ್ಟ್ರಾದಲ್ಲಿ ಅದು ಮೂರು ಬಗೆಯ ದನಿ, ಪಿಯಾನೋದಲ್ಲಿ ಒಂದೇ ಕೀ. ಅಲ್ಲಿ ಉಳಿಸಲು ಏನೂ ಇಲ್ಲ.

ದಿನಕ್ಕೆ ನಾಲ್ಕರಿಂದ ಆರು ಬಾರ್. ಒಮ್ಮೊಮ್ಮೆ ಒಂದೇ.

ಕೈಗೆ ಸಿಗದ ಹತ್ತೊಂಬತ್ತು ಕಾರ್ಡ್‌ಗಳಲ್ಲಿ ಹನ್ನೊಂದರಲ್ಲಿ ನಡುವಿನ ಸ್ವರವೊಂದನ್ನು ತೆಗೆದು, ಮೇಲಿನದನ್ನು ಇನ್ನೊಂದು ಕೈಗೆ ಕೊಟ್ಟೆ. ಐದನ್ನು ಕೆಳಗಿನಿಂದ ಮೇಲಕ್ಕೆ ಸರಸರ ಜಾರಿಸಿ ಒತ್ತಿದೆ. ಅದು ತಪ್ಪಾಯಿತು. ಲಯವೇ ಈ ತುಣುಕಿನ ಬೆನ್ನೆಲುಬು, ಜಾರಿಸಿದ ಕಾರ್ಡ್ ಬೀಟನ್ನು ಮಸುಕು ಮಾಡುತ್ತದೆ. ವಾಪಸು ಬಂದು ಅವುಗಳಿಂದಲೂ ಒಂದೊಂದು ಸ್ವರ ಕಿತ್ತೆ. ಉಳಿದ ಮೂರಕ್ಕೆ ತಳದ ಆಕ್ಟೇವ್‌ನಲ್ಲಿ ಒಂದು ಸ್ವರ ಸಾಕು ಎಂದುಕೊಂಡೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಎರಡನೇ ಸುತ್ತು. ಎರಡು ರಾಗವೂ ಮೈಗೆ ಮೈ ತಾಗುವಷ್ಟು ಹತ್ತಿರ. ಆರ್ಕೆಸ್ಟ್ರಾದಲ್ಲಿ ವಯಲಿನ್ ಬೇರೆ, ಚೆಲ್ಲೊ ಬೇರೆ, ಕಿವಿ ತಾನೇ ಬಿಡಿಸಿಕೊಳ್ಳುತ್ತದೆ. ಪಿಯಾನೋದಲ್ಲಿ ಎರಡೂ ಒಂದೇ ದನಿ. ನಾನು ಎರಡನ್ನೂ ಸಮ ಜೋರಿನಲ್ಲಿ ನುಡಿಸಿ ರೆಕಾರ್ಡ್ ಮಾಡಿ ಕೇಳಿದರೆ ರಾಗ ಅನ್ನುವುದು ಯಾವುದೂ ಇಲ್ಲ, ಗಂಜಿ. ಕೆಲಸ ಮಾಡಿದ ಉಪಾಯ: ನೀಳ ರಾಗವನ್ನು ಪೂರ್ತಿ ದನಿಯಲ್ಲಿ ನುಡಿಸುವುದು, ಲಯದ ರಾಗದ ಬೆರಳುಗಳನ್ನು ಕೀ ಮೇಲೆ ಸದ್ದಾಗದಂತೆ ಮುಟ್ಟಿಸುವುದು. ಹೀಗೆ ಒಂದು ವಾರ. ಆಮೇಲೆ ಮುಟ್ಟುವ ಬೆರಳಿಗೆ ಸ್ವಲ್ಪ ಸ್ವಲ್ಪವೇ ಭಾರ ಕೊಟ್ಟೆ. ಎರಡೂ ರಾಗ ಒಂದೇ ಕೀ ಕೇಳುವ ಜಾಗದಲ್ಲಿ ಅದನ್ನು ನೀಳ ರಾಗಕ್ಕೇ ಬಿಟ್ಟೆ. ಲಯ ಅಷ್ಟು ಹೊತ್ತಿಗೆ ಕೇಳುವವರ ತಲೆಯಲ್ಲಿ ಕೂತುಬಿಟ್ಟಿರುತ್ತದೆ, ಒಂದು ಬಡಿತ ಇಲ್ಲದಿದ್ದರೂ ಅವರೇ ತುಂಬಿಕೊಳ್ಳುತ್ತಾರೆ.

ನಾಲ್ಕನೇ ಸುತ್ತಿನಲ್ಲಿ ಊದುವ ವಾದ್ಯಗಳಿಗೆ ಮೊದಲ ರಾಗ, ಒಂದನೇ ವಯಲಿನ್‌ಗೆ ನೀಳ ರಾಗ, ಜೊತೆಗೆ ಟ್ರಂಪೆಟ್ ಮತ್ತು ಟಿಂಪನಿ. ಇಲ್ಲಿ ನಿರ್ದಯವಾಗಿ ಕತ್ತರಿಸಿದೆ. ಸ್ವರ ಕಡಿಮೆಯಾದಷ್ಟೂ ತೋಳಿನ ಭಾರ ಹಾಕಲು ಅವಕಾಶ, ಸದ್ದು ಹೆಚ್ಚು. ಇದು ಮೊದಲೇ ಹೊಳೆದಿದ್ದರೆ ಏಳನೇ ವಾರ ಮಣಿಕಟ್ಟು ನೋಯಿಸಿಕೊಳ್ಳುತ್ತಿರಲಿಲ್ಲ. ನಾಲ್ಕು ದಿನ ನುಡಿಸದೆ ಕೂತೆ.

ಕೊನೆಗೆ ಎಲ್ಲವನ್ನೂ ಮ್ಯೂಸ್‌ಸ್ಕೋರ್‌ನಲ್ಲಿ ಶುದ್ಧಪ್ರತಿ ಮಾಡಿದೆ. ಎಂಟು ಗಂಟೆ, ಐದು ಪುಟ. ಪುಟ ತಿರುವುವ ಜಾಗಗಳು ಎಡಗೈಗೆ ಬಿಡುವಿರುವ ಕಡೆ ಬರುವಂತೆ ಸಾಲು ಒಡೆದೆ.

ವಾರ 10: ವೇಗ

ಬೀಥೋವೆನ್ ತನ್ನ ಸಿಂಫನಿಗಳಿಗೆ ಕೊಟ್ಟ ಮೆಟ್ರೋನೋಮ್ ಅಂಕಿಗಳು 1817ರಲ್ಲಿ ಅಚ್ಚಾದವು. ಈ ಭಾಗಕ್ಕೆ ನಿಮಿಷಕ್ಕೆ 76 ಬೀಟ್. ನಾನು 50ರಲ್ಲಿ ಅಭ್ಯಾಸ ಮಾಡುತ್ತಿದ್ದೆ, ಅದೇ ಗಂಭೀರವಾಗಿ ಚೆನ್ನಾಗಿದೆ ಅನ್ನಿಸುತ್ತಿತ್ತು. ಬಾರ್‌ಗೆ ಎರಡು ಬೀಟ್, ಅಂದರೆ 76ರಲ್ಲಿ ನಿಮಿಷಕ್ಕೆ 38 ಬಾರ್, ಇಡೀ ಭಾಗ ಸುಮಾರು ಏಳು ನಿಮಿಷ ಇಪ್ಪತ್ತು ಸೆಕೆಂಡ್. ನನ್ನ ಲೆಕ್ಕದಲ್ಲಿ ಹನ್ನೊಂದು ನಿಮಿಷ ದಾಟುತ್ತಿತ್ತು. ಅಲೆಗ್ರೆಟ್ಟೊ ಎಂದರೆ ಸ್ವಲ್ಪ ಚುರುಕಾದ ವೇಗ. ನಾನು ಶವಯಾತ್ರೆ ಮಾಡಿಟ್ಟಿದ್ದೆ. ಸ್ವಲ್ಪ ಸ್ವಲ್ಪವೇ ಏರಿಸಿ ಈಗ 66ರಲ್ಲಿದ್ದೇನೆ. ಪಿಯಾನೋದಲ್ಲಿ ವೇಗಕ್ಕೆ ಇನ್ನೊಂದು ಕಾರಣವೂ ಇದೆ. ಶುರುವಿನ ಕಾರ್ಡನ್ನು ಓಬೋದವರು ಬೇಕಾದಷ್ಟು ಹೊತ್ತು ಹಿಡಿದು ನಿಧಾನಕ್ಕೆ ಕರಗಿಸಬಹುದು. ನಾನು ಒತ್ತಿದ್ದು ಒತ್ತಿದ ಕ್ಷಣದಿಂದಲೇ ಸಾಯತೊಡಗುತ್ತದೆ. 50ರಲ್ಲಿ ಎರಡು ಬಾರ್ ಮುಗಿಯುವ ಮೊದಲೇ ಬಡಕಲಾಗುತ್ತಿತ್ತು. ನಡುವೆ ಇನ್ನೊಮ್ಮೆ ಒತ್ತಿ ನೋಡಿದೆ, ಬಾಗಿಲು ತಟ್ಟಿದ ಹಾಗಾಯಿತು.

ವಾರ 11: ಸಿಕ್ಕಿಕೊಂಡ ಜಾಗ

ನೂರು ಬಾರ್ ದಾಟಿದ ಮೇಲೆ ಸಂಗೀತ ಎ ಮೈನರ್‌ನಿಂದ ಎ ಮೇಜರ್‌ಗೆ ಹೊರಳುತ್ತದೆ. ಕ್ಲಾರಿನೆಟ್ ಮತ್ತು ಬಸೂನ್ ಹಾಡುತ್ತವೆ, ಒಂದನೇ ವಯಲಿನ್‌ಗಳು ಬೀಟ್‌ಗೆ ಮೂರು ಸ್ವರದ ಟ್ರಿಪ್ಲೆಟ್ ಹರಿಸುತ್ತವೆ, ತಳದಲ್ಲಿ ಬಾಸ್ ಅದೇ ಹಳೆಯ ಒಂದು ಉದ್ದ, ಎರಡು ಗಿಡ್ಡ, ಎರಡು ಉದ್ದವನ್ನು ಬಿಡದೆ ಮೀಟುತ್ತದೆ. ಮೂರು ಕೆಲಸ, ಎರಡು ಕೈ. ಬಲಗೈ ಮೂರು ಹೇಳುವಾಗ ಎಡಗೈ ಎರಡು ಹೇಳಬೇಕಾದ್ದು ಎರಡು ಬಾರ್‌ಗೊಮ್ಮೆ, ಎರಡನೇ ಬೀಟ್‌ನಲ್ಲಿ ಮಾತ್ರ. ಒಂದೇ ಸಮ ಇದ್ದಿದ್ದರೆ ಕೈ ಒಗ್ಗಿಕೊಳ್ಳುತ್ತಿತ್ತು. ಹೀಗೆ ಬಂದು ಹೋಗುವುದರಿಂದ ಪ್ರತಿ ಸಲವೂ ಹೊಸದಾಗಿ ಬೀಳುತ್ತೇನೆ. ಎಡಗೈಯ ಎರಡನೇ ಗಿಡ್ಡ ಸ್ವರ ಬಲಗೈಯ ಎರಡನೇ ಮತ್ತು ಮೂರನೇ ಸ್ವರದ ನಟ್ಟನಡುವೆ ಬೀಳಬೇಕು. ನನ್ನದು ಮೂರನೆಯದಕ್ಕೆ ಹೋಗಿ ಅಂಟಿಕೊಳ್ಳುತ್ತಿದೆ.

ಪ್ರಯತ್ನ ಒಂದು: ಟ್ರಿಪ್ಲೆಟ್ ಬಿಟ್ಟು ಬರೀ ರಾಗ ಮತ್ತು ಬಾಸ್. ನುಡಿಸಬಹುದು, ಆದರೆ ಮೊದಲ ವಾರದ ಒಂದೂವರೆ ಪುಟದವರು ಮಾಡಿದ್ದನ್ನೇ ನಾನೂ ಮಾಡಿದ ಹಾಗಾಯಿತು, ಹರಿದು ಹಾಕಿದೆ. ಪ್ರಯತ್ನ ಎರಡು: ಬಾಸ್‌ನ ಎರಡು ಗಿಡ್ಡವನ್ನು ಒಂದೇ ಉದ್ದ ಮಾಡುವುದು. ಅದು ಇನ್ನೂ ಕೆಟ್ಟದು, ಇಡೀ ತುಣುಕಿನ ನಾಡಿಯೇ ಅದು. ಪ್ರಯತ್ನ ಮೂರು ಈಗ ನಡೆಯುತ್ತಿದೆ: ಆ ಒಂದು ಬೀಟನ್ನು ಆರು ಪಾಲು ಮಾಡಿ ಎಣಿಸುವುದು. ಬಲಗೈ ಒಂದು, ಮೂರು, ಐದಕ್ಕೆ. ಎಡಗೈ ಒಂದು, ನಾಲ್ಕಕ್ಕೆ. ಮೊದಲು ಮೇಜಿನ ಮೇಲೆ ಬಡಿದು, ಆಮೇಲೆ ಕೀ ಮೇಲೆ. 40ರಲ್ಲಿ ಬರುತ್ತದೆ. ನಿನ್ನೆ ಹುಮ್ಮಸ್ಸಿನಲ್ಲಿ 52ಕ್ಕೆ ಇಟ್ಟೆ, ಹದಿನಾಲ್ಕನೇ ಬಾರ್‌ನಲ್ಲಿ ಎರಡೂ ಕೈ ಕೂಡಿಕೊಂಡು ಮೂರು-ಮೂರು ಹೇಳತೊಡಗಿದವು. ಇವತ್ತು ಮತ್ತೆ 42.